ಸಂಘದ ಲೈಬ್ರರಿಯಲ್ಲಿ ಇ-ಪುಸ್ತಕ ಎರವಲು ಕೊಡುವುದು ಹೇಗೆ?

ಹುಲೇಕಲ್‌ರಸ್ತೆ:
ಶಿರಸಿ ಪಕ್ಕದ ಹಳ್ಳಿಯಲ್ಲಿ ಸಂಘ ನಡೆಸುವ ಲೈಬ್ರರಿ, ಸದಸ್ಯರು 150ರ ಆಸುಪಾಸು. ಮಳೆಗಾಲದಲ್ಲಿ ಜನ ಬರುವುದು ಕಡಿಮೆ, ಅದಕ್ಕೇ ಇ-ಪುಸ್ತಕದ ಯೋಚನೆ. ಕಿಂಡಲ್‌ನಲ್ಲಿ ಒಂದು ಪ್ರತಿ ಕೊಂಡು ಲಾಗಿನ್ ಎಲ್ಲರಿಗೂ ಕೊಟ್ಟರೆ ಆಗುತ್ತದಾ? ಇರುವ ಪುಸ್ತಕಗಳನ್ನೇ ಸ್ಕ್ಯಾನ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಬಹುದಾ?

ಅಘನಾಶಿನಿ:
ಎರಡೂ ಬೇಡ ಮಾರಾಯ್ರೆ. ಕಾಗದದ ಪುಸ್ತಕ ಕೊಂಡರೆ ಹರಿದುಹೋಗುವವರೆಗೂ ಎರವಲು ಕೊಡಬಹುದು. ಕಿಂಡಲ್‌ನಲ್ಲಿ ದುಡ್ಡು ಕೊಟ್ಟರೆ ಸಿಗುವುದು ಸ್ವಂತ ಓದಿನ ಅನುಮತಿ ಮಾತ್ರ.

ಸ್ಕ್ಯಾನ್ ವಿಚಾರ: ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ ಕಲಂ 52(1)(ಎನ್) ಪ್ರಕಾರ, ಲಾಭಕ್ಕಲ್ಲದ ಸಾರ್ವಜನಿಕ ಲೈಬ್ರರಿ ತನ್ನಲ್ಲಿರುವ ಪುಸ್ತಕದ ಡಿಜಿಟಲ್ ಪ್ರತಿಯನ್ನು ಸಂರಕ್ಷಣೆಗೆ ಇಟ್ಟುಕೊಳ್ಳಬಹುದು. ಇಟ್ಟುಕೊಳ್ಳುವುದಕ್ಕೆ, ಹಂಚುವುದಕ್ಕಲ್ಲ. ಲೇಖಕರು ತೀರಿಕೊಂಡ ವರ್ಷ ಕಳೆದು 60 ವರ್ಷವಾದ ಮೇಲೆ ಹಂಚಲು ಅಡ್ಡಿಯಿಲ್ಲ. ಪಂಜೆಯವರು 1937ರಲ್ಲಿ ತೀರಿಕೊಂಡರು, ಅವರ ಬರಹ ಮುಕ್ತ. ನಮ್ಮ ಅಂಕೋಲೆಯ ದಿನಕರ ದೇಸಾಯಿಯವರು 1982ರಲ್ಲಿ. ಅವರ ಚುಟುಕುಗಳಿಗೆ 2042ರ ಕೊನೆಯವರೆಗೂ ಅನುಮತಿ ಬೇಕು. ಹಳೆಯ ಯಕ್ಷಗಾನ ಪ್ರಸಂಗ ಮುಕ್ತವಾಗಿದ್ದರೂ, ಇತ್ತೀಚಿನ ಸಂಪಾದಕರ ಮುನ್ನುಡಿ, ಟಿಪ್ಪಣಿಗಳು ಮುಕ್ತವಲ್ಲ. ಅವನ್ನು ಬಿಟ್ಟು ಸ್ಕ್ಯಾನ್ ಮಾಡಿ.

ಕಾಳಿತೀರ, ಕಾರವಾರ:
ಲೈಬ್ರರಿಗೆಂದೇ ಕೊಡುವ ಲೈಸೆನ್ಸ್ ಬೇರೆ. ಸಾಮಾನ್ಯವಾದದ್ದು ಒಂದು ಪ್ರತಿಗೆ ಒಬ್ಬ ಓದುಗ. ಅವರು ಮರಳಿಸದೆ ಇನ್ನೊಬ್ಬರಿಗೆ ತೆರೆಯುವುದಿಲ್ಲ. ಅದರ ಮೇಲೆ ಮಿತಿಯೂ ಇರುತ್ತದೆ. ಹಾರ್ಪರ್‌ಕಾಲಿನ್ಸ್ ಅನ್ನುವ ದೊಡ್ಡ ಪ್ರಕಾಶನ ಸಂಸ್ಥೆ 2011ರಲ್ಲಿ ಅಮೆರಿಕದ ಲೈಬ್ರರಿಗಳಿಗೆ 26 ಎರವಲು ಮುಗಿದರೆ ಮತ್ತೆ ಕೊಳ್ಳಬೇಕು ಅಂದಿತು. ಎರಡು ವಾರಕ್ಕೊಬ್ಬರಂತೆ ಲೆಕ್ಕ ಹಾಕಿ, ಒಂದೇ ವರ್ಷ! ಕೆಲವರದು ಎರಡು ವರ್ಷದ ಅವಧಿ, ಯಾರೂ ಓದದಿದ್ದರೂ ಮುಗಿಯುತ್ತದೆ. ನಿಧಾನಕ್ಕೆ ಓದಿಸಿಕೊಳ್ಳುವ ಪುಸ್ತಕಕ್ಕೆ ಎರವಲಿನ ಲೆಕ್ಕವೇ ವಾಸಿ.

ಸಣ್ಣ ಕನ್ನಡ ಪ್ರಕಾಶಕರ ಹತ್ತಿರ ನೇರವಾಗಿ ಮಾತಾಡಿ. ಲೇಖಕರಿಂದ ಡಿಜಿಟಲ್ ಹಕ್ಕು ಅವರ ಕೈಯಲ್ಲಿದೆಯಾ ಅಂತ ಮೊದಲು ಕೇಳಿ, ಹಳೆಯ ಕರಾರುಗಳಲ್ಲಿ ಅದು ಇರುವುದೇ ಅಪರೂಪ. ಒಮ್ಮೆಗೆ ಎಷ್ಟು ಜನ, ಎಷ್ಟು ಕಾಲ, ಆಮೇಲೆ ಫೈಲ್ ಏನು ಮಾಡಬೇಕು ಅನ್ನುವುದು ಬರಹದಲ್ಲಿರಲಿ. ಪಿಡಿಎಫ್ ಬದಲು ಯೂನಿಕೋಡ್ ಇಪಬ್ ಕೇಳಿ, ಅದು ಪರದೆಯ ಅಳತೆಗೆ ಸಾಲು ಹೊಂದಿಸಿಕೊಳ್ಳುವ ಇ-ಪುಸ್ತಕದ ಫೈಲ್. ಫೋನಿನಲ್ಲಿ ಪಿಡಿಎಫ್ ಓದಬೇಕಾದರೆ ಪ್ರತಿ ಸಾಲನ್ನೂ ಆಚೀಚೆ ಎಳೆಯಬೇಕು. ಹಳೆಯ ಡಿಟಿಪಿ ಫಾಂಟಿನಿಂದ ಪರಿವರ್ತಿಸಿದ ಫೈಲ್ ಬಂದರೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಹತ್ತು ಪುಟ ನೋಡಿ. ಎಡವುವುದು ಅಲ್ಲೇ.

ಹುಲೇಕಲ್‌ರಸ್ತೆ:
ಉಪಕಾರವಾಯಿತು. ಇನ್ನು ಸದಸ್ಯರಿಗೆ ರೂಢಿ ಮಾಡಿಸುವುದು?

ಅಘನಾಶಿನಿ:
ದುಡ್ಡು ಹಾಕುವ ಮೊದಲು 2020ರಲ್ಲಿ ಶುರುವಾದ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಸದಸ್ಯರನ್ನು ಸೇರಿಸಿ, ಅದು ಉಚಿತ. ನೋಂದಣಿಯನ್ನು ಸಿಗ್ನಲ್ ಸಿಗುವ ಜಾಗದಲ್ಲಿ ಕೂತು ನೀವೇ ಮಾಡಿಸಿಕೊಡಿ. ಬರೀ ಲಿಂಕ್ ಕಳಿಸಿದರೆ ಹೆಚ್ಚಿನವರು ಅರ್ಧಕ್ಕೇ ಬಿಡುತ್ತಾರೆ. ಕಪಾಟಿನಲ್ಲಿರುವ ಪುಸ್ತಕದ ಪಕ್ಕ ಅದೇ ಲೇಖಕರ ಇ-ಪುಸ್ತಕ ತೆರೆಯುವ ಕ್ಯೂಆರ್ ಚೀಟಿ ಅಂಟಿಸಿ. ಒಂದೇ ಪ್ರತಿಯಿರುವ ಪುಸ್ತಕವನ್ನು ಗುಂಪಿನಲ್ಲಿ ಹೊಗಳಬೇಡಿ: 15 ಜನ ಸಾಲು ನಿಂತರೆ ತಲಾ 14 ದಿನದಂತೆ ಕೊನೆಯವರಿಗೆ ಸಿಗುವಾಗ ಆರು ತಿಂಗಳು ದಾಟಿರುತ್ತದೆ. ಎಷ್ಟು ಜನ ಬೇಕಾದರೂ ಒಟ್ಟಿಗೆ ಓದಬಹುದಾದ ಪುಸ್ತಕವನ್ನೇ ಮುಂದಿಡಿ. ಮಳೆ ಹಿಡಿದು ಟವರ್ ಕೈಕೊಡುವ ಮೊದಲೇ ಅದನ್ನು ಫೋನಿಗೆ ಇಳಿಸಿಟ್ಟುಕೊಳ್ಳಲು ಹೇಳಿ.