ಕ್ಯೂಸಿ (ಔಷಧದ ಗುಣಮಟ್ಟ ಪರೀಕ್ಷೆ) ಕೆಲಸ ಬಿಟ್ಟು ಅನಲಿಟಿಕಲ್ ಕೆಮಿಸ್ಟ್ರಿ ಪಿಎಚ್‌ಡಿ ಮಾಡಬಹುದಾ? ಮಾಡಿದವರು ಹೇಳಿ

ತುಮಕೂರಿನವಳು:
ಎಂಎಸ್ಸಿ ಮುಗಿಸಿ ಜಿಗಣಿ ಕಡೆ ಒಂದು ಔಷಧ ಕಂಪನಿಯ ಕ್ಯೂಸಿಯಲ್ಲಿದ್ದೇನೆ. ಕೈಗೆ 26,000 ಬರುತ್ತೆ. ಕೆ-ಸೆಟ್ (ರಾಜ್ಯದ ಉಪನ್ಯಾಸಕ ಅರ್ಹತಾ ಪರೀಕ್ಷೆ) ಆಗಿದೆ, ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಆಗಿಲ್ಲ. ಒಬ್ಬ ಗೈಡ್ ತಗೋತೀನಿ ಅಂದಿದ್ದಾರೆ. ಎಲೆಕ್ಟ್ರೋಕೆಮಿಕಲ್ ಸೆನ್ಸರ್ (ರಾಸಾಯನಿಕವನ್ನು ಕರೆಂಟ್ ಮೂಲಕ ಅಳೆಯೋದು) ವಿಷಯ, ಫೆಲೋಶಿಪ್ ಇಲ್ಲ. ಮನೆಯಲ್ಲಿ ಮದುವೆ ಮಾತು ಬೇರೆ. ಕೆಲಸ ಬಿಡಲಾ?

ಧಾರವಾಡದಿಂದ:
ತಂಗಿ, ಗೈಡ್ ವಿಷಯ ಆಮೇಲೆ. ಆ ಲ್ಯಾಬಿನಲ್ಲಿ ಇವತ್ತು ಯಾವ ಮಷಿನ್ ಓಡುತ್ತಿದೆ, ಅದಕ್ಕೆ ಎಎಂಸಿ (ವಾರ್ಷಿಕ ರಿಪೇರಿ ಒಪ್ಪಂದ) ಇದೆಯಾ ಅಂತ ಮೊದಲು ಕೇಳಿ. ನನ್ನದು ಬ್ಯಾಡಗಿ ಮೆಣಸಿನಕಾಯಿಯಲ್ಲಿ ಉಳಿದ ಕೀಟನಾಶಕದ ಅಂಶ (ರೆಸಿಡ್ಯೂ) ಅಳೆಯೋ ವಿಷಯ. ನಾನು ಸೇರಿದಾಗ ಪ್ರಾಜೆಕ್ಟ್ ದುಡ್ಡಲ್ಲಿ ತಂದ ಎಲ್‌ಸಿ-ಎಂಎಸ್ (ಪದಾರ್ಥಗಳನ್ನು ಬೇರ್ಪಡಿಸಿ ಅಣುವಿನ ತೂಕದಿಂದ ಗುರುತಿಸುವ ಮಷಿನ್) ಇತ್ತು. ಪ್ರಾಜೆಕ್ಟ್ ಮುಗಿಯಿತು, ಎಎಂಸಿ ಮುಂದುವರಿಸಲಿಲ್ಲ, ಅದರ ಟರ್ಬೊ ಪಂಪ್ (ನಿರ್ವಾತ ಮಾಡುವ ಪಂಪ್) ಹೋಯಿತು. ಕೊಟೇಶನ್ 7 ಲಕ್ಷ ಚಿಲ್ಲರೆ. ಫೈಲು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಮಾರ್ಚ್ ಬಂತು, ಬಜೆಟ್ ವಾಪಸ್. ಹೊರಗಿನ ಲ್ಯಾಬಿಗೆ ಕೊಟ್ಟೆ. ಒಂದು ಸ್ಯಾಂಪಲ್‌ಗೆ 2,500, ಮೇಲೆ ಶೇ. 18 ಜಿಎಸ್‌ಟಿ. ಕ್ಯಾಲಿಬ್ರೇಶನ್‌ನ (ಗೊತ್ತಿರುವ ಪ್ರಮಾಣ ಹಾಕಿ ಅಳತೆ ಸರಿಮಾಡೋದು) ಒಂದೊಂದು ಪಾಯಿಂಟೂ ಅವರಿಗೆ ಸ್ಯಾಂಪಲ್ಲೇ. ಕೀಟನಾಶಕವೇ ಇಲ್ಲದ ಸ್ಯಾಂಪಲ್ಲು, ಅಂದರೆ ಬ್ಲ್ಯಾಂಕ್, ಅದಕ್ಕೂ ಬಿಲ್ಲು! ಹೋಲಿಕೆಗೆ ಸ್ಯಾಂಪಲ್ಲಿಗೆ ಸೇರಿಸುವ, ಡ್ಯುಟೇರಿಯಂ (ಭಾರದ ಹೈಡ್ರೋಜನ್) ಇರುವ ಇಂಟರ್ನಲ್ ಸ್ಟ್ಯಾಂಡರ್ಡ್ 10 ಮಿಲಿಗ್ರಾಂಗೆ 38,000. ಅಷ್ಟರಲ್ಲಿ ನಮ್ಮೂರಲ್ಲಿ ಒಂದು ಎಮ್ಮೆಯೇನು, ಎರಡು ಎಮ್ಮೆ ಬರುತ್ತಿದ್ದವೇನೋ.

ಇನ್ನು ಆ ಬಣ್ಣ. ಕ್ವೆಚರ್ಸ್ (ಆಹಾರದಿಂದ ಕೀಟನಾಶಕ ಬೇರ್ಪಡಿಸುವ ವಿಧಾನ) ಮಾಡಿ ಅಸಿಟೋನೈಟ್ರೈಲ್ ದ್ರಾವಕದ ಭಾಗ ಎತ್ತಿಕೊಂಡರೆ ಕಡುಗೆಂಪು. ಬಣ್ಣ ಹೀರೋಕೆ ಪಿಎಸ್‌ಎ ಅನ್ನೋ ಪುಡಿ ಸಾಲಲ್ಲ. ಜಿಸಿಬಿ (ಒಂದು ಥರದ ಇಂಗಾಲದ ಪುಡಿ) ಹಾಕಿದರೆ ಬಣ್ಣ ಹೋಗುತ್ತೆ, ಆದರೆ ಥಯಾಬೆಂಡಜೋಲ್ (ಶಿಲೀಂಧ್ರನಾಶಕ) ಥರದ ಚಪ್ಪಟೆ ಅಣುಗಳೂ ಅದಕ್ಕೇ ಅಂಟಿಕೊಂಡು ಹೋಗುತ್ತವೆ, ರಿಕವರಿ (ಹಾಕಿದ್ದರಲ್ಲಿ ವಾಪಸ್ ಸಿಗುವ ಪಾಲು) ನೆಲ ಕಚ್ಚುತ್ತೆ. ಬ್ಲ್ಯಾಂಕ್‌ಗೆ ಔಷಧಿ ಹೊಡೆಯದ ಮೆಣಸಿನಕಾಯಿ ಬೇಕಲ್ವಾ, ಹಾವೇರಿ ಜಿಲ್ಲೆಯಲ್ಲಿ ಹುಡುಕಿ ಸುಸ್ತಾಗಿ ಕೊನೆಗೆ ನಮ್ಮ ಅತ್ತೆಯ ಹಿತ್ತಲಲ್ಲೇ ಗಿಡ ಹಾಕಿಸಿದೆ. ಪಿಎಚ್‌ಡಿ ಆಯಿತು. ಮತ್ತೆ ಮಾಡು ಅಂದರೂ ಮಾಡುತ್ತೇನೆ, ಆದರೆ ಓಡುವ ಮಷಿನ್ ಇದ್ದ ಕಡೆ.

ಶಿವಮೊಗ್ಗ, ಸೆನ್ಸರ್ ಲ್ಯಾಬ್:
ಎಲ್ಲರದ್ದೂ ಕೋಟಿ ರೂಪಾಯಿ ಮಷಿನ್ ಕಥೆ ಅಲ್ಲ ಮಾರಾಯ್ರೆ. ನಮ್ಮದು ಒಂದು ಪೊಟೆನ್ಷಿಯೋಸ್ಟ್ಯಾಟ್ (ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ಪೆಟ್ಟಿಗೆ), ಒಂದು ಕಂಪ್ಯೂಟರ್. ಗ್ರಾಫೈಟ್ ಪುಡಿಗೆ ಸಿಲಿಕೋನ್ ಎಣ್ಣೆ ಹಾಕಿ ಅಗೇಟ್ ಒರಳಲ್ಲಿ ಅರೆದು ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡ್ ನಾವೇ ಮಾಡಿಕೊಳ್ಳುತ್ತೇವೆ. ಡೋಪಮೈನ್ (ಮಿದುಳಿನ ಒಂದು ರಾಸಾಯನಿಕ), ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ) ಎರಡೂ ಏನೂ ಬೆರೆಸದ ಎಲೆಕ್ಟ್ರೋಡ್ ಮೇಲೆ ಹತ್ತಿರ ಹತ್ತಿರದ ವೋಲ್ಟೇಜಿನಲ್ಲೇ ಆಕ್ಸಿಡೈಸ್ ಆಗುತ್ತವೆ. ಅವನ್ನು ಗ್ರಾಫಿನಲ್ಲಿ ಬೇರೆ ಬೇರೆ ಪೀಕ್ (ಏರು) ಮಾಡಿ ತೋರಿಸಿದ ದಿನ ನನಗಾದ ಖುಷಿ ಯಾವ ಸಂಬಳಕ್ಕೂ ಆಗಿಲ್ಲ. ಕಷ್ಟ ಇರಲಿಲ್ಲ ಅಂತಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗೋದು, ಯುಪಿಎಸ್ ಬ್ಯಾಟರಿ ಸತ್ತಿರೋದು, ವೋಲ್ಟಾಮೊಗ್ರಾಂ (ವೋಲ್ಟೇಜ್-ಕರೆಂಟ್ ಗ್ರಾಫ್) ಅರ್ಧಕ್ಕೆ ನಿಲ್ಲೋದು. ಫೆಲೋಶಿಪ್ ಮಂಜೂರಾದ ಮೇಲೂ ತಿಂಗಳುಗಟ್ಟಲೆ ಬರಲಿಲ್ಲ. ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳಿ ಹಾಸ್ಟೆಲ್ ಮೆಸ್ ಬಿಲ್ಲು ಕಟ್ಟಿದೆ.

ಹೈದರಾಬಾದಿನಲ್ಲಿರುವ ಬೀದರಿನವ:
ಬೇಜಾರಾಗಬೇಡಿ ಸರ್. ಡೋಪಮೈನ್ ಮೇಲೆ ಇನ್ನೂ ಎಷ್ಟು ಪೇಪರ್ ಬರೀತೀರಿ? ಯಾವ ಆಸ್ಪತ್ರೆ ನಿಮ್ಮ ಪೇಸ್ಟ್ ಎಲೆಕ್ಟ್ರೋಡ್ ಇಟ್ಟುಕೊಂಡಿದೆ? ನಾನು ಪಿಎಚ್‌ಡಿ ಮಾಡಲಿಲ್ಲ, ಕಂಪನಿಯಲ್ಲೇ ಕಲಿತೆ. 2018ರಲ್ಲಿ ಬಿಪಿ ಮಾತ್ರೆ ವಾಲ್ಸಾರ್ಟಾನ್‌ನಲ್ಲಿ ಎನ್‌ಡಿಎಂಎ (ಕ್ಯಾನ್ಸರ್ ತರಬಹುದಾದ ಕಲ್ಮಶ) ಸಿಕ್ಕಿತಲ್ಲ, ಅಲ್ಲಿಂದ ನಮ್ಮ ನಿದ್ದೆ ಹೋಯಿತು. ದಿನಕ್ಕೆ 96 ನ್ಯಾನೋಗ್ರಾಂ ಮಿತಿ. ಯುವಿ ಡಿಟೆಕ್ಟರ್ (ಬೆಳಕಿನಿಂದ ಅಳೆಯೋದು) ಹಿಡ್ಕೊಂಡು ಕೂತವರು ರಾತ್ರೋರಾತ್ರಿ ಮಾಸ್ ಸ್ಪೆಕ್ (ಅಣುವಿನ ತೂಕದಿಂದ ಗುರುತಿಸೋದು) ಕಲಿಯಬೇಕಾಯಿತು. ಮಾದರಿಯಲ್ಲಿ ಡಿಎಂಎಫ್ ಅನ್ನೋ ದ್ರಾವಕ ಇದ್ದರೆ ಅದೂ ಎನ್‌ಡಿಎಂಎ ಥರ ಕಂಡು ಲೆಕ್ಕ ಕೆಡಿಸುತ್ತೆ. ಅದನ್ನೆಲ್ಲ ಬಿಡಿಸಿದ್ದು ರಾತ್ರಿ ಪಾಳಿಯಲ್ಲಿ ಕೂತ ಎಂಎಸ್ಸಿ ಹುಡುಗರು. ಐಸಿಎಚ್ ಕ್ಯೂ14 (ಔಷಧ ಪರೀಕ್ಷಾ ವಿಧಾನ ರೂಪಿಸುವ ಅಂತರರಾಷ್ಟ್ರೀಯ ಮಾರ್ಗಸೂಚಿ) ಬಂದ ಮೇಲೆ ಮೆಥಡ್ ಡೆವಲಪ್‌ಮೆಂಟ್ ಗೊತ್ತಿರುವವರಿಗೆ ಕೆಲಸ ಇದೆ. ಮೇಡಂ, ಕ್ಯೂಸಿಯಿಂದ ಎಆರ್‌ಡಿಗೆ (ಹೊಸ ಪರೀಕ್ಷಾ ವಿಧಾನ ರೂಪಿಸುವ ವಿಭಾಗ) ಹಾರಿ. ಪಿಎಚ್‌ಡಿ ಯಾಕೆ?

ಶಿವಮೊಗ್ಗ, ಸೆನ್ಸರ್ ಲ್ಯಾಬ್:
ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದಾರಾ? ಬೆರಳು ಚುಚ್ಚಿ ನೋಡುವ ಮೀಟರ್ ಯಾವುದು ಮತ್ತೆ? ಅದು ಎಲೆಕ್ಟ್ರೋಕೆಮಿಕಲ್ ಸೆನ್ಸರ್ರೇ. ಕ್ಲಾರ್ಕ್ ಮತ್ತು ಲಯಾನ್ಸ್ 1962ರಲ್ಲಿ ಎಂಜೈಮ್ ಎಲೆಕ್ಟ್ರೋಡ್ ಬಗ್ಗೆ ಬರೆದಾಗಲೂ ಯಾರೋ ಹೀಗೇ ಕೇಳಿರುತ್ತಾರೆ. ಕಂಪನಿಯ ಎಸ್‌ಒಪಿ (ಕೆಲಸದ ಲಿಖಿತ ಕ್ರಮ) ಓದಿ ಬಟನ್ ಒತ್ತೋದು ಸಂಶೋಧನೆ ಅಲ್ಲ.

ಹೈದರಾಬಾದಿನಲ್ಲಿರುವ ಬೀದರಿನವ:
ಬಟನ್ ಒತ್ತೋದಾ? ಆಡಿಟರ್ ಮುಂದೆ ಕೂತು ಒಂದು ಪೀಕನ್ನು ಕೈಯಾರೆ ಇಂಟಿಗ್ರೇಟ್ ಮಾಡಿದ್ದು (ಅದರ ವಿಸ್ತೀರ್ಣ ಗುರುತಿಸಿದ್ದು) ಯಾಕೆ ಅಂತ ಉತ್ತರ ಕೊಟ್ಟಿದ್ದೀರಾ ಯಾವತ್ತಾದರೂ? ನಮ್ಮಲ್ಲಿ ಆಡಿಟ್ ಟ್ರಯಲ್ (ಯಾರು ಯಾವಾಗ ಏನು ಬದಲಿಸಿದರು ಅನ್ನೋ ದಾಖಲೆ) ಇರುತ್ತೆ. ಚೆನ್ನಾಗಿ ಬಂದ ಕರ್ವ್ ಮಾತ್ರ ಪೇಪರ್‌ಗೆ ಹಾಕಿ ಉಳಿದಿದ್ದನ್ನು ಮರೆಯೋ ಹಾಗಿಲ್ಲ.

ಮೈಸೂರು, ಅತಿಥಿ ಉಪನ್ಯಾಸಕಿ:
ಇಬ್ಬರೂ ಸ್ವಲ್ಪ ನಿಲ್ಲಿಸಿ, ಆ ಹುಡುಗಿ ಕೇಳಿದ್ದೇ ಬೇರೆ. ನಾನು ಫೆಲೋಶಿಪ್ ಇಲ್ಲದೇ ಸೇರಿದವಳು. ಜೆಆರ್‌ಎಫ್ ಇದ್ದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000, ಪಕ್ಕದ ಟೇಬಲ್ಲಿನ ನನಗೆ ಸೊನ್ನೆ. ಕೆಲಸ ಮಾತ್ರ ಒಂದೇ. ಆ ಜೆಆರ್‌ಎಫ್ ಹುಡುಗನ ಕಂಟಿಂಜೆನ್ಸಿ ದುಡ್ಡಲ್ಲಿ (ಸಾಮಾನು ಕೊಳ್ಳೋಕೆ ಕೊಡುವ ಅನುದಾನ) ಬಂದ ಸಾಲ್ವೆಂಟ್ ಮುಟ್ಟೋಕೆ ಕೇಳಬೇಕಿತ್ತು. ಸಿ18 ಕಾಲಂ (ಮಾದರಿಯ ಪದಾರ್ಥಗಳನ್ನು ಬೇರ್ಪಡಿಸುವ ಕೊಳವೆ) 42,000 ಕೊಟ್ಟು ನಾನೇ ತಗೊಂಡೆ, ಅಮ್ಮನ ಬಳೆ ಅಡವಿಟ್ಟು. ಜೂನಿಯರ್ ಒಬ್ಬ ಫಾಸ್ಫೇಟ್ ಬಫರ್ ತೊಳೆಯದೇ ನೇರವಾಗಿ ಅಸಿಟೋನೈಟ್ರೈಲ್ ಬಿಟ್ಟ. ಉಪ್ಪು ಕಟ್ಟಿ ಪ್ರೆಷರ್ ಏರಿ ಕಾಲಂ ಹೋಯಿತು. ದುಡ್ಡು ಯಾರೂ ಕೊಡಲಿಲ್ಲ.

ಈಗ 2023ರ ಜುಲೈಯಿಂದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ನೆಟ್, ಸೆಟ್ ಸಾಕು, ಪಿಎಚ್‌ಡಿ ಕಡ್ಡಾಯ ಅಲ್ಲ ಅಂತ ಯುಜಿಸಿಯೇ ಹೇಳಿದೆ. ಬಳೆ ಅಡವಿಟ್ಟ ನಾವೇನು ಮಾಡೋಣ? ತಂಗಿ, ಕೆ-ಸೆಟ್ ನಿನ್ನ ಹತ್ತಿರ ಇದೆ. ಫೆಲೋಶಿಪ್ ಇಲ್ಲದೇ ಹೋಗಬೇಡ. ಇನ್ನೊಂದು ಸಲ ಸಿಎಸ್‌ಐಆರ್ ನೆಟ್ ಬರಿ, ಗೇಟ್ ಬರಿ.

ಮಂಗಳೂರು:
ಪಾರ್ಟ್ ಟೈಮ್ ಯಾರೂ ಹೇಳಲಿಲ್ಲ? 2022ರ ಯುಜಿಸಿ ನಿಯಮದಲ್ಲಿ ಅವಕಾಶ ಇದೆ, ಕಂಪನಿ ಎನ್‌ಒಸಿ ಕೊಡಬೇಕು. ನಮ್ಮ ಕಂಪನಿ ಕೊಡಲಿಲ್ಲ. ಎಚ್‌ಆರ್ ಹೇಳಿದ್ದು, ನೀವು ಓದಿ ಬಿಟ್ಟು ಹೋಗ್ತೀರಿ ಅಂತ. ಎನ್‌ಒಸಿ ಕೇಳಿದ್ದಕ್ಕೇ ಆ ವರ್ಷದ ಇನ್‌ಕ್ರಿಮೆಂಟ್ ಕಟ್ ಆಯಿತು. ಇನ್ನು ಮದುವೆ ವಿಷಯ, ಮೊದಲು ಮುಗಿಸಿಕೊಳ್ಳಿ. ಆಮೇಲೆ ನಿಧಾನಕ್ಕೆ ಮಾಡಬಹುದು.

ಮೈಸೂರು, ಅತಿಥಿ ಉಪನ್ಯಾಸಕಿ:
ನಿಧಾನಕ್ಕೆ ಯಾರು ಮಾಡೋದು ಅಣ್ಣ? ನನ್ನ ಥೀಸಿಸ್ ಬರೆದದ್ದು ಮಗು ಮಲಗಿದ ಮೇಲೆ. ಈ ಮಾತು ಗಂಡು ಹುಡುಗ ಕೇಳಿದ್ದರೆ ಹೇಳುತ್ತಿದ್ದಿರಾ?

ಮಂಗಳೂರು:
ನಾನು ಒಳ್ಳೆಯದಕ್ಕೇ ಹೇಳಿದ್ದು ಮೇಡಂ. ಎಲ್ಲದಕ್ಕೂ ಸಿಟ್ಟು ಯಾಕೆ?

ಹೈದರಾಬಾದಿನಲ್ಲಿರುವ ಬೀದರಿನವ:
ಮೇಡಂ, ಆ ಕಾಲಂ ಪೂರ್ತಿ ಹೋಗಿರಲಿಲ್ಲ ಅನಿಸುತ್ತೆ. ಶೇ. 5 ಮೆಥನಾಲ್ ಇರುವ ನೀರನ್ನು ಕಡಿಮೆ ಫ್ಲೋದಲ್ಲಿ ರಾತ್ರಿಯಿಡೀ ಬಿಟ್ಟರೆ ಉಪ್ಪು ಕರಗುತ್ತೆ. ನಾವು ಎಷ್ಟೋ ಕಾಲಂ ಹಾಗೆ ಉಳಿಸಿದ್ದೇವೆ.

ಧಾರವಾಡದಿಂದ:
ಬರೀ ನೀರು ಬಿಟ್ಟರೂ ಆಗುತ್ತೆ, ಮೆಥನಾಲ್ ಯಾಕೆ?

ಹೈದರಾಬಾದಿನಲ್ಲಿರುವ ಬೀದರಿನವ:
ಶೇ. 100 ನೀರು ಬಿಟ್ಟರೆ ಮಾಮೂಲಿ ಸಿ18ರಲ್ಲಿ ರಂಧ್ರಗಳು ಒದ್ದೆಯಾಗದೇ ರಿಟೆನ್ಷನ್ (ಪದಾರ್ಥವನ್ನು ಹಿಡಿದಿಡುವ ಶಕ್ತಿ) ಕುಸಿಯುತ್ತೆ ಸರ್. ಪಿಎಚ್‌ಡಿ ಮಾಡಿದವರಿಗೆ ಇದನ್ನು ನಾನು ಹೇಳಬೇಕಾ?

ಧಾರವಾಡದಿಂದ:
ಮತ್ತೆ ಮೆಥನಾಲ್ ಥರದ ಆರ್ಗಾನಿಕ್ ಸಾಲ್ವೆಂಟ್ ಹಾಯಿಸಿದರೆ ರಿಟೆನ್ಷನ್ ವಾಪಸ್ ಬರುತ್ತೆ, ಅದನ್ನು ಯಾಕೆ ಹೇಳಲ್ಲ? ಅರ್ಧ ಹೇಳಿ ಎಂಎಸ್ಸಿ ಹುಡುಗರನ್ನು ಹೆದರಿಸಬೇಡಿ.

ತುಮಕೂರಿನವಳು:
ಎಲ್ಲರಿಗೂ ಥ್ಯಾಂಕ್ಸ್. ಗೈಡ್‌ಗೆ ಫೋನ್ ಮಾಡಿ ಎಎಂಸಿ ಬಗ್ಗೆ ಕೇಳಿದೆ. ಪೊಟೆನ್ಷಿಯೋಸ್ಟ್ಯಾಟ್‌ಗೆ ಇದೆಯಂತೆ, ಎಚ್‌ಪಿಎಲ್‌ಸಿಗೆ (ಆ ಕಾಲಂ ಹಾಕಿ ಓಡಿಸುವ ಮಷಿನ್) ಇಲ್ಲವಂತೆ. ಪೇಪರ್ ಪರಿಶೀಲಿಸುವ ರಿವ್ಯೂವರ್ ಸೆನ್ಸರ್ ಫಲಿತಾಂಶವನ್ನು ಎಚ್‌ಪಿಎಲ್‌ಸಿ ಜೊತೆ ಹೋಲಿಸಿ ಅಂತ ಕೇಳಿದರೆ ಏನು ಮಾಡ್ತೀರಿ, ಶಿವಮೊಗ್ಗದ ಸರ್?

ಶಿವಮೊಗ್ಗ, ಸೆನ್ಸರ್ ಲ್ಯಾಬ್:
ಕೇಳೇ ಕೇಳುತ್ತಾರೆ. ನಾವು ಹೊರಗೆ ಕೊಟ್ಟು ಮಾಡಿಸಿದೆವು, ಕೈಯಿಂದ 14,000 ಹೋಯಿತು.