ಕೊಳಲಿಗೆ ಬಣ್ಣ ಹಿಡಿಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಸರ್, ನಾನೇ ಮಾಡಿದ ಬಿದಿರಿನ ಕೊಳಲಿಗೆ ಮರದ ಸ್ಟೈನ್ ಹಚ್ಚಿದೆ. ಕೆಲವು ಕಡೆ ಕಪ್ಪು ಮಚ್ಚೆ, ಉಳಿದ ಕಡೆ ಬೆರಳಿಗೇ ಅಂಟುತ್ತಿದೆ. ಮೇಲೆ ವಾರ್ನಿಷ್ ಬಳಿದರೆ ನಿಲ್ಲುತ್ತಾ?

ಉತ್ತರ: ನಿಲ್ಲಲ್ಲ, ವಾರ್ನಿಷ್ ಸಮೇತ ಎದ್ದು ಬರುತ್ತದೆ. ಬಿದಿರಿನ ಹೊರಸಿಪ್ಪೆಯಲ್ಲಿ ಮೇಣ, ಸಿಲಿಕಾ ಎರಡೂ ಇವೆ. ಅದು ಬಣ್ಣವನ್ನು ಒಳಗೆ ಬಿಡುವುದಿಲ್ಲ. ಸಿಪ್ಪೆ ಹೋದ ಕಡೆ ಬಿದಿರು ಬಣ್ಣ ಕುಡಿದು ಕಪ್ಪಾಗಿದೆ, ಅಷ್ಟೆ.

ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ 220ರ ಉಪ್ಪು ಕಾಗದದಲ್ಲಿ ಉಜ್ಜಿ. ಉದ್ದಕ್ಕೇ ಉಜ್ಜಬೇಕು. ಅಡ್ಡ ಗೀರು ಈಗ ಕಾಣದಿದ್ದರೂ ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ. ಆಮೇಲೆ ಕೊಳಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನಿಧಾನ ತಿರುಗಿಸಿ. ಎಲ್ಲಿ ಮಿಂಚುತ್ತದೋ ಅಲ್ಲಿ ಸಿಪ್ಪೆ ಇನ್ನೂ ಇದೆ. ಗೆಣ್ಣಿನ ಪಕ್ಕದ ತಗ್ಗಿನಲ್ಲೇ ಜಾಸ್ತಿ ಉಳಿಯೋದು. ಕೊನೆಗೆ ಇನ್ನೂ ನಯವಾದ 320ರ ಕಾಗದ.

ಸ್ಪಿರಿಟ್‌ನಲ್ಲಿ ಕರಗುವ ಡೈ ತಗೊಳ್ಳಿ. ನೀರಿನ ಡೈ ನಾರನ್ನು ಎಬ್ಬಿಸುತ್ತದೆ. ತೆಳ್ಳಗೆ ಎರಡು ಮೂರು ಸಲ ಹಚ್ಚಿ, ಮೇಲೆ ಶೆಲ್ಯಾಕ್ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು) ಕೊಡಿ. ಶೆಲ್ಯಾಕಿನ ಮೊದಲ ಕೋಟ್ ಒಂದೇ ಎಳೆತದಲ್ಲಿ ಮುಗಿಯಲಿ. ಅದೇ ಜಾಗಕ್ಕೆ ಮತ್ತೆ ಬ್ರಷ್ ಹೋದರೆ ಶೆಲ್ಯಾಕಿನಲ್ಲಿರುವ ಸ್ಪಿರಿಟ್ ಕೆಳಗಿನ ಬಣ್ಣವನ್ನೇ ಎಳೆದುಕೊಂಡು ಬರುತ್ತದೆ.

ಇನ್ನೊಬ್ಬರ ಪ್ರಶ್ನೆ: ಬಣ್ಣದ ಬದಲು ಗ್ಯಾಸ್ ಟಾರ್ಚಿನ ಉರಿ ಹಿಡಿದು ಕಂದು ಮಾಡಬಹುದಾ?

ಉತ್ತರ: ಧಾರಾಳವಾಗಿ. ನನಗಂತೂ ಇದೇ ಇಷ್ಟ, ಬಿದಿರು ಬಿದಿರಿನ ಹಾಗೇ ಕಾಣುತ್ತದೆ. ಆದರೆ ಚೆನ್ನಾಗಿ ಒಣಗಿದ ಬಿದಿರೇ ಆಗಬೇಕು. ಎರಡೂ ಕಡೆ ಗೆಣ್ಣು ಮುಚ್ಚಿದ್ದರೆ ಒಳಗಿನ ಗಾಳಿ ಕಾದು ಸಿಡಿಯುತ್ತದೆ, ಮೊದಲು ಒಂದು ಕಡೆ ತೆಗೆಯಿರಿ. ಉರಿ ಒಂದೇ ಕಡೆ ನಿಲ್ಲಬಾರದು. ಮೇಲೆ ಜಿಡ್ಡು ಉಕ್ಕಿದಾಗ ಬಿಸಿ ಇರುವಾಗಲೇ ಒರೆಸಿ. ತೂತು ಕೊರೆಯೋದು ಇದಾದ ಮೇಲೆ, ಇಲ್ಲದಿದ್ದರೆ ಅಂಚು ಕರಕಲಾಗುತ್ತದೆ.

ಮೊದಲಿನವರು: ತೂತುಗಳಿಗೆ, ಒಳಮೈಗೆ ಏನು ಹಚ್ಚಲಿ?

ಉತ್ತರ: ಊದುವ ತೂತಿನ ಅಂಚಿಗೆ ದಯವಿಟ್ಟು ಏನೂ ಬಳಿಯಬೇಡಿ. ಅಂಚು ಮೊಂಡಾದರೆ ನಾದಕ್ಕಿಂತ ಗಾಳಿಯ ಸದ್ದೇ ಜಾಸ್ತಿ ಕೇಳುತ್ತದೆ. ಬೆರಳಿನ ತೂತಿನೊಳಗೆ ಪದರ ಕೂತರೆ ತೂತು ಕಿರಿದಾಗಿ ಸ್ವರ ಇಳಿಯುತ್ತದೆ. ಒಳಮೈಗೆ ಹಸಿ ಅಗಸೆ ಎಣ್ಣೆ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ, ಪೂರ್ತಿ ಒಣಗುವ ತನಕ ಊದಬೇಡಿ. ಅಂಗಡಿಯ ಬಾಯ್ಲ್ಡ್ ಎಣ್ಣೆ ಬೇಡ, ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣ ಬೆರೆಸಿರುತ್ತಾರೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗೇ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರಡಿ ಒಣಗಿಸಿ.