ಸಹಾಯ ಬೇಕು: ಹಳೇ ವ್ಯಾಕ್ಯೂಮ್ ಕ್ಲೀನರಿಗೆ ಕಾರ್ಬನ್ ಬ್ರಶ್

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ನಮ್ಮ ಮನೆ. ಹಳೇ ವ್ಯಾಕ್ಯೂಮ್ ಕ್ಲೀನರ್ ಕೂಡಿಟ್ಟು ರಿಪೇರಿ ಮಾಡುವ ಹುಚ್ಚು ನನಗೆ. ಮನೆಯವರು ಗುಜರಿ ಅಂತಾರೆ, ಇರಲಿ.

ಮಾವ ಬೊಂಬಾಯಿಯಿಂದ ತಂದಿದ್ದ ಒಂದು ಮೊನ್ನೆ ಅಟ್ಟದಲ್ಲಿ ಸಿಕ್ಕಿತು. ಉದ್ದ ಕೊಳವೆಯ ಹಾಗಿದೆ, ಚಕ್ರ ಇಲ್ಲ, ಅಡಿಯಲ್ಲಿ ಜಾರುವ ಪಟ್ಟಿ. 1921ರಲ್ಲಿ ಬಂದ ಇಲೆಕ್ಟ್ರೋಲಕ್ಸ್ ಮಾಡೆಲ್ ವಿ ಇದೇ ಧಾಟಿಯದು. ಇದು ಯಾವ ಕಂಪನಿಯದೋ, ಹೆಸರಿನ ತಗಡೇ ಉದುರಿದೆ.

ಸ್ವಿಚ್ ಹಾಕಿದರೆ ಒಳಗೆ ನೀಲಿ ಕಿಡಿ, ಸುಟ್ಟ ವಾಸನೆ. ಬಿಚ್ಚಿ ನೋಡಿದೆ. ಕಾರ್ಬನ್ ಬ್ರಶ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಸವೆದು ಅಡಿಕೆ ಹೋಳಿನಷ್ಟೂ ಉಳಿದಿಲ್ಲ, ಅದು ಉಜ್ಜುವ ತಾಮ್ರದ ಭಾಗ, ಕಮ್ಯುಟೇಟರ್, ಕಪ್ಪಾಗಿದೆ. ಮಿಕ್ಸಿಯ ಬ್ರಶ್ಶನ್ನೇ ಉಜ್ಜಿ ಅಳತೆಗೆ ಕೂರಿಸಬಹುದಾ? ಯಾರಾದ್ರೂ ಮಾಡಿದ್ದೀರಾ?

ಕಾಸರಗೋಡು, ಮಂಗಳೂರು ಕಡೆ ಹಳೇ ಮೋಟಾರ್ ರಿವೈಂಡಿಂಗ್ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಧೂಳಿನ ಚೀಲ ಹೊಲಿಯುವವರೂ ಬೇಕು, ಇದ್ದದ್ದನ್ನು ಜಿರಳೆ ತಿಂದಿದೆ.